ತಪ್ಪು ನಂದು, ಸ್ಟೇರಿಂಗ್ ಹಿಡಿದ ಕೈ ನಂದಲ್ಲ

ಕುಲಗೋಡ
ತಾ. 9-1-1958

ಪಾರವ್ವಾ,

ಆಶೀರ್ವಾದ. ಕ್ಷೇಮಸಮಾಚಾರ ಆಮೇಲೆ, ಮೊದಲು ಇದನ್ನು ಕೇಳು. ನಮ್ಮ ಮನೆಗೆ ಮೋಟಾರು ಬಂತು!

ಹಳೆಯದೇ. ಕಾಲುವೆ ಕೆಲಸದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ್ದು. ಬಣ್ಣ ಕರಿ. ಗೋಕಾಕದಿಂದ ನಿನ್ನ ತಮ್ಮ ರಾಜಪ್ಪ ಓಡಿಸಿಕೊಂಡು ಬಂದ, ನಾನು ಬಾಜೂಕೆ ಕೂತಿದ್ದೆ. ಅವನು ಬೆಳಗಾವಿಗೆ ಹೋಗಿ ಪರೀಕ್ಷೆ ಕೊಟ್ಟು ಲೈಸೆನ್ಸ್ ತಂದಿದ್ದಾನೆ. ನನಗೆ ಲೈಸೆನ್ಸೂ ಇಲ್ಲ, ಓಡಿಸುವ ಆಸೆಯೂ ಇಲ್ಲ. ನನಗೆ ಹಾರ್ನು ಸಾಕು. ಸ್ಟೇರಿಂಗಿನ ನಟ್ಟನಡುವೆ ಒಂದು ಗುಂಡಿ ಇದೆ. ಒತ್ತಿದರೆ ಹಳ್ಳದ ಆಚೆ ದಂಡೆಗೆ ಕೇಳುತ್ತದೆ. ಮೂಡಲಗಿ ಸಂತೆಯಲ್ಲಿ ಒತ್ತಿದೆ, ಮೆಣಸಿನಕಾಯಿ ತೂಗುವವರು ತಕ್ಕಡಿ ಬಿಟ್ಟು ನೋಡಿದರು. ನಮ್ಮೂರ ಅಗಸಿಬಾಗಿಲಲ್ಲಿ ಒತ್ತಿದೆ, ಗುಡಿಯ ಕಟ್ಟೆಯ ಮೇಲೆ ಮಲಗಿದ್ದವರು ಎದ್ದು ಕೂತರು. “ಸಾಕು ಬಿಡಪಾ, ಬ್ಯಾಟರಿ ಇಳೀತೈತಿ” ಅಂದ ರಾಜಪ್ಪ. ನಾನು ಬಿಡುತ್ತೇನೆಯೇ? ಮನೆಯ ಮುಂದೆ ಮತ್ತೆ ಮೂರು ಸಲ ಒತ್ತಿದೆ.

ನಿಮ್ಮ ಅವ್ವ ಆರತಿ ಬೆಳಗಿದಳು. ಮೋಟಾರಿನ ಸುತ್ತ ಒಂದು ಸುತ್ತು ಬಂದು, “ಇದಕ್ಕ ಮೇವು ಯಾವ ಕಡಿಯಿಂದ ಹಾಕೂದು?” ಎಂದು ಕೇಳಿದಳು. ಚೇಷ್ಟೆಯೋ ಖರೇನೋ ಇನ್ನೂ ತಿಳಿದಿಲ್ಲ.

ಗೋಕಾಕದ ವಿಮಾ ಏಜೆಂಟ ಶಿದ್ಲಿಂಗಪ್ಪ ಒಂದು ಇಂಗ್ಲಿಷ್ ಕಾಗದ ಕೊಟ್ಟಿದ್ದಾನೆ. “ನಿಮ್ಮ ಮೋಟಾರು ಯಾರಿಗರೆ ಬಡದು, ತಪ್ಪು ನಿಮ್ಮದಾದ್ರ, ಅವರಿಗೆ ಕಂಪನಿ ಕೊಡತೈತ್ರಿ. ವರ್ಷಾಪೂರ್ತಿ ಯಾರಿಗೂ ಬಡೀಲಿಲ್ಲಂದ್ರ ಮುಂದಿನ ಕಂತಿನಾಗ ಸೂಟು, ಅಂದ್ರ ರೊಕ್ಕ ಕಡಿಮಿ ತುಂಬಿದ್ರ ನಡೀತೈತಿ” ಅಂದ. ಯಾರಿಗೂ ಬಡಿಯದಿದ್ದಕ್ಕೆ ಬಹುಮಾನ ಕೊಡುವ ಜನ ಈ ಭೂಮಿಯ ಮೇಲೆ ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಎಲ್ಲರೂ ಆರಾಮ.

ನಿನ್ನ ತಂದೆ,
ಅಪ್ಪಣ್ಣ


ಹುಕ್ಕೇರಿ
ತಾ. 16-1-1958

ಅಪ್ಪಾರಿಗೆ ಶರಣು.

ನಿಮ್ಮ ಪತ್ರ ಓದಿ ಸಾಲೆಯಲ್ಲಿ ನಾನೊಬ್ಬಳೇ ನಕ್ಕೆ. ಜೊತೆಗೆ ಕಲಿಸುವ ಅಕ್ಕೋರು ಪದ್ಮವ್ವ “ಏನಾತ್ರಿ?” ಅಂದರು. “ನಮ್ಮಪ್ಪಗ ಅರವತ್ತರಾಗ ಪೀಪಿ ಸಿಕ್ಕೈತ್ರಿ” ಅಂದೆ.

ಹುಕ್ಕೇರಿಗೆ ಯಾವಾಗ ಬರುತ್ತೀರಿ? ನನ್ನ ನಾಲ್ಕನೇ ಇಯತ್ತೆಯ ಹುಡುಗಿಯರಿಗೆ ಹೇಳಿಬಿಟ್ಟಿದ್ದೇನೆ, ಮೋಟಾರು ತೋರಿಸುತ್ತೇನೆ ಎಂದು. ಬರದಿದ್ದರೆ ಮರ್ಯಾದೆ ಹೋಗುವುದು ನನ್ನದು.

ಆ ಇಂಗ್ಲಿಷ್ ಕಾಗದವನ್ನು ಅವ್ವನ ಟ್ರಂಕಿನಲ್ಲಿಡಬೇಡಿ, ನನಗೆ ಕಳಿಸಿರಿ. ಸೂಟಿನ ಮಾತು ಏಜೆಂಟರು ಹೇಳುತ್ತಾರೆ, ಉಳಿದದ್ದು ಕಾಗದದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಓದಿ ಕನ್ನಡದಲ್ಲಿ ಬರೆದು ಕಳಿಸುತ್ತೇನೆ.

ರಾಜಪ್ಪನಿಗೆ ಸಾವಕಾಶ ಓಡಿಸಲು ಹೇಳಿರಿ.

ನಿಮ್ಮ ಮಗಳು,
ಪಾರವ್ವ


ಕುಲಗೋಡ
ತಾ. 4-2-1958

ಪಾರವ್ವಾ,

ಆಶೀರ್ವಾದ. ಕಾಗದ ಇದರ ಜೊತೆಗಿದೆ. ತಡವಾಯಿತು. ತಡವಾಗಲು ಕಾರಣವನ್ನೂ ಬರೆಯುತ್ತೇನೆ, ಗಾಬರಿಯಾಗಬೇಡ, ನಾನು, ರಾಜಪ್ಪ ಇಬ್ಬರೂ ನೆಟ್ಟಗಿದ್ದೇವೆ.

ಜನವರಿ ಇಪ್ಪತ್ತೆಂಟಕ್ಕೆ ಮೂಡಲಗಿಯಿಂದ ಬರುತ್ತಿದ್ದೆವು. ಮುಂದೆ ಕಬ್ಬು ಹೇರಿದ ಚಕ್ಕಡಿ. ನಮ್ಮೂರ ಉದ್ದಪ್ಪನದು. ನಿನಗೆ ನೆನಪಿದೆಯಲ್ಲ, ಹೊರಕೇರಿಯವನು, ಹೋದ ವರ್ಷದ ಹಿಂದಿನ ವರ್ಷ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದವನು. ಸ್ವಂತ ಎತ್ತು, ಸ್ವಂತ ಚಕ್ಕಡಿ, ಬಾಡಿಗೆಗೆ ಕಬ್ಬು ಹೊಡೆಯುತ್ತಾನೆ. ರಾಜಪ್ಪ ಬಾಜೂಕೆ ಹಾಯಿಸಿ ಮುಂದೆ ಹೋಗುವಷ್ಟರಲ್ಲಿ ಎತ್ತು ಬೆದರಿ ಅಡ್ಡ ಬಂದವು. ಮೋಟಾರು ಚಕ್ಕಡಿಯ ಗಾಲಿಗೆ ಹೊಡೆಯಿತು. ಕಬ್ಬಿನ ಮೇಲೆ ಕೂತಿದ್ದ ಉದ್ದಪ್ಪ ಕೆಳಗೆ ಬಿದ್ದ. ಎಡಗಾಲು ಮುರಿಯಿತು.

ಅದೇ ಮೋಟಾರಿನಲ್ಲಿ ಗೋಕಾಕದ ದವಾಖಾನೆಗೆ ಒಯ್ದೆವು. ಡಾಕ್ಟರರು ಪಟ್ಟಿ ಕಟ್ಟಿ, “ಕಾಲು ಕೂಡತೈತಿ, ಆದ್ರ ಒಂದೀಟು ಗಿಡ್ಡ ಆಗತೈತಿ. ಇನ್ನ ಚಕ್ಕಡಿ ಹೇರೂದು ಆಗಾಕಿಲ್ಲ” ಅಂದರು. ಆತನ ಹೆಂಡತಿ ಸತ್ತೆವ್ವ ಓಡಿ ಬಂದವಳು ನನ್ನ ಮುಂದೆ ನಿಂತಳು. “ಸಾವಕಾರ್ರ, ಮೋಟಾರ ತಗೊಂಡ್ರಿ ಅಂತ ಕೇಳಿದ್ದೆ. ದಾರಿನೂ ತಗೊಂಡೀರೇನು?”

ಮೊನ್ನೆ ಚಾವಡಿಯಲ್ಲಿ ಹಿರಿಯರು ಕೂಡಿದರು. ಉದ್ದಪ್ಪನನ್ನು ಹೊರಸಿನ ಮೇಲೆ ಹೊತ್ತು ತಂದು ಕಟ್ಟೆಯ ಕೆಳಗೆ ಇಟ್ಟಿದ್ದರು. ನಮ್ಮಲ್ಲಿ ಪದ್ಧತಿ ನಿನಗೆ ಗೊತ್ತಿದೆ. ಮನೆಯಲ್ಲಿ ಯಾರೇ ತಪ್ಪು ಮಾಡಲಿ, ಹಿರಿಯನಾದವನು ತಲೆಯ ರುಮಾಲು ಕೈಯಲ್ಲಿ ಹಿಡಿದು “ತಪ್ಪು ನಂದು” ಅನ್ನಬೇಕು. ಮಗನ ಹೆಸರು ಹೇಳುವವನು ಹಿರಿಯನೇ ಅಲ್ಲ. ನಾನು ಕಟ್ಟೆ ಇಳಿದೆ, ರುಮಾಲು ತೆಗೆದೆ.

ಪಂಚರ ಹಿರಿಯ ಮಾಲಿಂಗಪ್ಪ ತನ್ನ ಕುರ್ಚಿಯಿಂದಲೇ, “ಏ ಅಪ್ಪಣ್ಣಾ, ಕಟ್ಟಿ ಮ್ಯಾಲೆ ನಿಂತು ಹೇಳಿದ್ರ ನಡೀತೈತಿ. ಇಳಿದು ರುಮಾಲು ತಗೀತಾರೇನೋ?” ಅಂದ.

“ಬಿದ್ದಾತ ಕೆಳಗ ಅದಾನು, ಮಾಲಿಂಗಪ್ಪಾ” ಅಂದೆ.

ತಪ್ಪು ನಂದು ಅಂದೆ. ತೆಂಗಿನಕಾಯಿ ಮುಂದಿಟ್ಟೆ. ಉದ್ದಪ್ಪ ಅದನ್ನು ನನ್ನ ಕಡೆ ಸರಿಸಿ, “ಬೌದ್ಧರಾದ ಮ್ಯಾಲ ಕಾಯಿ ನಾವು ತಗೊಳ್ಳಂಗಿಲ್ರಿ. ಮಾತು ಇಟಗೊಂತೇನಿ” ಅಂದ. ಕುಲಕರ್ಣಿ ಎಲ್ಲ ಬರೆದುಕೊಂಡ, ನಾನು ಸಹಿ ಹಾಕಿದೆ. ಅದರ ಒಂದು ಪ್ರತಿಯನ್ನು ಶಿದ್ಲಿಂಗಪ್ಪ ಕಂಪನಿಗೆ ಕಳಿಸಿದ್ದಾನೆ. ಇನ್ನೇನು, ಕಂಪನಿಯವರು ಉದ್ದಪ್ಪನಿಗೆ ಕೊಡುತ್ತಾರೆ!

ನಿನ್ನ ತಂದೆ,
ಅಪ್ಪಣ್ಣ


ಹುಕ್ಕೇರಿ
ತಾ. 11-2-1958

ಅಪ್ಪಾರಿಗೆ ಶರಣು.

ಉದ್ದಪ್ಪನ ಸುದ್ದಿ ಓದಿದೆ. ನಾನು ಸಣ್ಣವಳಿದ್ದಾಗ ಸಾಲೆ ಬಿಟ್ಟ ಮೇಲೆ ಅವನ ಚಕ್ಕಡಿಯ ಹಿಂದೆ ಓಡಿ ಕಬ್ಬು ಎಳೆಯುತ್ತಿದ್ದೆ. ಕಂಡರೂ ಕಾಣದವರ ಹಾಗೆ ಇರುತ್ತಿದ್ದ.

ಕಾಗದ ಎರಡು ಸಲ ಓದಿದೆ. ಅದರಲ್ಲಿ ನಿಮಗೆ ತಿಳಿಸಬೇಕಾದದ್ದು ಎರಡು ಮಾತು. ಒಂದು, ಕಂಪನಿಯನ್ನು ಕೇಳದೆ ಮೋಟಾರಿನ ಧಣಿ ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳಬಾರದು. ನೀವು ಇಡೀ ಊರ ಮುಂದೆ ರುಮಾಲು ತೆಗೆದು ಒಪ್ಪಿಕೊಂಡಿದ್ದೀರಿ. ಕಾಗದ ನನ್ನ ಕೈಗೆ ಒಂದು ವಾರ ಮೊದಲು ಬಂದಿದ್ದರೂ ನಾನು ನಿಮ್ಮನ್ನು ತಡೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಎರಡು, ಓಡಿಸುವವನಿಗೆ ಲೈಸೆನ್ಸ್ ಇರಲೇಬೇಕು. ಇಲ್ಲದವನು ಓಡಿಸಿ ಅಪಘಾತವಾದರೆ ಕಂಪನಿಗೆ ಸಂಬಂಧವಿಲ್ಲ. ಓಡಿಸಿದವನು ರಾಜಪ್ಪ, ಅವನಿಗೆ ಲೈಸೆನ್ಸ್ ಇದೆ. ಆದ್ದರಿಂದ ಎರಡನೆಯದರ ಚಿಂತೆ ಇಲ್ಲ.

ಆ ಚಾವಡಿಯ ಕಾಗದದಲ್ಲಿ ನಿಖರವಾಗಿ ಏನು ಬರೆದಿದೆ? ಒಂದು ಅಕ್ಷರ ಬಿಡದೆ ಬರೆದು ಕಳಿಸಿರಿ.

ನಿಮ್ಮ ಮಗಳು,
ಪಾರವ್ವ


ಕುಲಗೋಡ
ತಾ. 6-3-1958

ಪಾರವ್ವಾ,

ಆಶೀರ್ವಾದ. ನೀನು ಚಿಂತೆ ಇಲ್ಲ ಎಂದ ಎರಡನೆಯದೇ ಬಂದು ಅಡ್ಡ ನಿಂತಿದೆ!

ಬೆಳಗಾವಿಯ ಕಂಪನಿ ಕಚೇರಿಯಿಂದ ಪತ್ರ ಬಂತು. ಶಿದ್ಲಿಂಗಪ್ಪ ಓದಿ ಹೇಳಿದ. “ಅಪಘಾತದ ತಪ್ಪು ತಮ್ಮದೆಂದು ಅಪ್ಪಣ್ಣನವರೇ ಬರೆದುಕೊಟ್ಟಿದ್ದಾರೆ. ಎಂದರೆ ಮೋಟಾರು ಓಡಿಸುತ್ತಿದ್ದವರು ಅವರೇ. ಅವರಿಗೆ ಲೈಸೆನ್ಸ್ ಇಲ್ಲ. ಆದ್ದರಿಂದ ಗಾಯಾಳುವಿಗೆ ಕೊಡುವ ಹೊಣೆ ನಮ್ಮದಲ್ಲ.” ನಾನು ಶಿದ್ಲಿಂಗಪ್ಪನ ಟೇಬಲ್ಲು ಗುದ್ದಿದೆ. “ನಾ ಯಾವಾಗ ಓಡಿಸಿದೆ? ನನಗ ಬ್ರೇಕ್ ಯಾವ ಕಾಲಾಗ ಒತ್ತತಾರ ಅನ್ನೂದೂ ಗೊತ್ತಿಲ್ಲ!”

“ಬರದಾರಲ್ರಿ, ತಪ್ಪು ಅಪ್ಪಣ್ಣಂದು ಅಂತ.”

“ತಪ್ಪು ನಂದಂದೆ. ಓಡಿಸಿದ್ದು ನಾ ಅಂದ್ನೇನು?”

“ಸಾವಕಾರ್ರ, ಬೆಳಗಾವ್ಯಾಗ ಕೂತಾವಗ ಎರಡೂ ಒಂದ.”

ನೀನು ಕೇಳಿದ್ದೆಯಲ್ಲ, ಕಾಗದದಲ್ಲಿ ಇರುವುದು ಇಷ್ಟೇ: “ಅಪ್ಪಣ್ಣನವರು ಮೋಟಾರಿನಿಂದಾದ ಅಪಘಾತದ ತಪ್ಪು ತಮ್ಮದೆಂದು ಪಂಚರ ಸಮಕ್ಷಮ ಒಪ್ಪಿಕೊಂಡರು.” ರಾಜಪ್ಪನ ಹೆಸರಿಲ್ಲ. ಯಾಕೆ ಇರಬೇಕು? ನಾನಿದ್ದೇನಲ್ಲ, ಹಿರಿಯ!

ಈಗ ಶಿದ್ಲಿಂಗಪ್ಪ ಒಂದು ದಾರಿ ಹೇಳುತ್ತಿದ್ದಾನೆ. ಚಾವಡಿಯಲ್ಲಿ ಹೊಸ ಕಾಗದ ಮಾಡಿಸಬೇಕಂತೆ. “ಮೊದಲಿನದು ತಪ್ಪಿ ಬರೆದದ್ದು, ನನ್ನ ಕಡೆ ಯಾವ ತಪ್ಪೂ ಇಲ್ಲ” ಎಂದು ನಾನು ಸಹಿ ಹಾಕಬೇಕಂತೆ. ಮಾಲಿಂಗಪ್ಪ ತಯಾರಾಗಿ ಕೂತಿದ್ದಾನೆ. “ಚಕ್ಕಡಿನ ದಾರಿ ನಡುವ ಬಂತು ಅಂತ ಬರದ್ರಾತು. ಆ ಮಾತು ಸುಳ್ಳ ಅನ್ನಾಕ ಯಾರು ಬರತಾರ?” ಅಂದ. ಹಾಗೆ ಬರೆದರೆ ಉದ್ದಪ್ಪನಿಗೆ ಒಂದು ದುಡ್ಡೂ ಸಿಗುವುದಿಲ್ಲ, ನನ್ನ ಸೂಟು ಮಾತ್ರ ಉಳಿಯುತ್ತದೆ. ನಾನು ಎದ್ದು ಬಂದೆ.

ನಾನೇ ಕೈಯಿಂದ ಕೊಡೋಣ ಎಂದು ಉದ್ದಪ್ಪನ ಮನೆಗೆ ಹೋದೆ. ಅಲ್ಲಿಯ ಸುದ್ದಿ ಇನ್ನೊಮ್ಮೆ ಬರೆಯುತ್ತೇನೆ. ತಗೊಳ್ಳಲಿಲ್ಲ.

ಏನು ಮಾಡಲಿ, ಬೇಗ ಬರೆ.

ನಿನ್ನ ತಂದೆ,
ಅಪ್ಪಣ್ಣ


ಹುಕ್ಕೇರಿ
ತಾ. 10-3-1958

ಅಪ್ಪಾ,

ಹೊಸ ಕಾಗದಕ್ಕೆ ಸಹಿ ಹಾಕಬೇಡಿ. ಶಿದ್ಲಿಂಗಪ್ಪನವರು ಮನೆಗೆ ಬಂದು ಕಾಲು ಹಿಡಿದರೂ ಹಾಕಬೇಡಿ.

ಕಂಪನಿ ಕೇಳುವುದು ಎರಡು ಬೇರೆ ಪ್ರಶ್ನೆ. ಸ್ಟೇರಿಂಗ್ ಯಾರ ಕೈಯಲ್ಲಿತ್ತು ಎನ್ನುವುದು ಒಂದು, ಅದಕ್ಕೆ ಲೈಸೆನ್ಸ್ ಬೇಕು. ತಪ್ಪು ಯಾವ ಕಡೆಯದು ಎನ್ನುವುದು ಇನ್ನೊಂದು, ಅದು ನಮ್ಮ ಕಡೆಯದಾದರೇ ಉದ್ದಪ್ಪನಿಗೆ ಸಿಗುತ್ತದೆ. ಚಾವಡಿಯಲ್ಲಿ ನೀವು ಎರಡನ್ನೂ ಒಂದೇ ರುಮಾಲಿನಲ್ಲಿ ಕಟ್ಟಿ ಇಟ್ಟಿರಿ. ಈಗ ಬಿಚ್ಚಬೇಕು, ಹರಿಯಬಾರದು.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಪತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದೆ. ಮೊದಲನೆಯದರಲ್ಲಿ ಅರ್ಧ ಪುಟ ಹಾರ್ನು. ಅಪಘಾತದ ಪತ್ರದಿಂದ ಈಚೆಗೆ ಹಾರ್ನಿನ ಹೆಸರೇ ಇಲ್ಲ. “ಎತ್ತು ಬೆದರಿ ಅಡ್ಡ ಬಂದವು” ಎಂದು ಬರೆದಿದ್ದೀರಿ. ಉದ್ದಪ್ಪನ ಎತ್ತು ಸಂತೆಯಲ್ಲಿ ಲಾರಿಯ ಮಗ್ಗುಲಲ್ಲಿ ನಿಂತು ಮೇಯುವಂಥವು. ಯಾಕೆ ಬೆದರಿದವು?

ಪಾರವ್ವ


ಕುಲಗೋಡ
ತಾ. 17-3-1958

ಪಾರವ್ವಾ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಮೂರು ದಿನ ಮೋಟಾರಿನ ಕಡೆ ಹೋಗಲಿಲ್ಲ.

ಒತ್ತಿದವನು ನಾನು. ರಾಜಪ್ಪ ಸುಮ್ಮನೆ ಹಾಯಿಸುತ್ತಿದ್ದ. ಮೋಟಾರಿನ ಮೋರೆ ಚಕ್ಕಡಿಯ ಗಾಲಿಯ ಮಗ್ಗುಲಿಗೆ ಬಂದಿತ್ತು. ಉದ್ದಪ್ಪ ನೋಡಲಿ ಎಂದು ಕೈ ಚಾಚಿ ಗುಂಡಿ ಒತ್ತಿದೆ. ಅಷ್ಟೇ. ನೋಡಲಿ ಎಂದು! ಎತ್ತು ಜಿಗಿದವು. ಚಾವಡಿಯಲ್ಲಿ ಎಲ್ಲರೂ ನಾನು ಪದ್ಧತಿಯಂತೆ ಮಗನ ತಪ್ಪು ಹೊತ್ತೆ ಎಂದು ತಿಳಿದರು, “ಏನ್ ದೊಡ್ಡ ಮನಸು” ಎಂದು ಹೊಗಳಿದರು. ನಾನು ಹೊಗಳಿಸಿಕೊಂಡೆ. ರಾಜಪ್ಪ ಇಲ್ಲಿಯವರೆಗೆ ತುಟಿ ಬಿಚ್ಚಿಲ್ಲ. ಅವನ ಮೋರೆ ನೋಡಲು ನನಗಾಗುತ್ತಿರಲಿಲ್ಲ.

ನಿನ್ನೆ ಮತ್ತೆ ಉದ್ದಪ್ಪನ ಮನೆಗೆ ಹೋದೆ. ಹೋದ ಸಲ ಕೈಯಿಂದ ಕೊಡಲು ಹೋದಾಗ ಅವನು ಅಂದಿದ್ದ, “ನೀವು ಕೊಟ್ರ ದಾನ ಆಗತೈತ್ರಿ. ನಾಳೆ ನಿಮ್ಮ ಹೊಲಕ್ಕ ಕರದ್ರ ಇಲ್ಲ ಅನ್ನಾಕ ಬರಂಗಿಲ್ಲ. ಕಂಪನಿ ಕೊಟ್ರ ಕಾಯ್ದೆ.” ಆ ಮಾತನ್ನು ನಿನಗೆ ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ನಿನ್ನೆ ಅಂಗಳದಲ್ಲಿ ಕೂತು ಹಾರ್ನಿನದು ಹೇಳಿದೆ.

ಉದ್ದಪ್ಪ ನಕ್ಕುಬಿಟ್ಟ! “ಈಗ ಹೇಳತೀರಿ? ನಾ ಅವತ್ತ ನೋಡೇನ್ರಿ. ಕಬ್ಬಿನ ಮ್ಯಾಲಿಂದ ತಿರುಗಿ ನೋಡಿದ್ರ ನಿಮ್ಮ ಮೋಟಾರಿನ ಮುಂದಿನ ಕಾಚಿನಾಗ ಸ್ವಚ್ಛ ಕಾಣತಿತ್ತು. ರಾಜಪ್ಪನ ಎರಡು ಕೈ ಸ್ಟೇರಿಂಗಿಗೆ, ನಿಮ್ಮ ಉಂಗುರದ ಕೈ ನಡುವಿನ ಗುಂಡಿಗೆ.”

“ಮತ್ತ ಚಾವಡ್ಯಾಗ ಯಾಕ ಹೇಳಲಿಲ್ಲೋ?”

“ನನ್ನ ಯಾರು ಕೇಳಿದ್ರು?”

ಖರೆ ಪಾರವ್ವಾ. ಕಾಲು ಮುರಿದದ್ದು ಅವನದು, ಕಾಗದದಲ್ಲಿ ಅವನದು ಒಂದು ಮಾತಿಲ್ಲ. ಐದು ಜನ ಹಿರಿಯರು ನನ್ನನ್ನು ಕೇಳಿದರು, ನನ್ನದು ಬರೆದುಕೊಂಡರು, ಎದ್ದರು.

“ಈಗ ಕೇಳಿದ್ರ ಹೇಳ್ತೀಯೇನು?” ಅಂದೆ.

ಒಳಗಿನಿಂದ ಸತ್ತೆವ್ವ, “ಹೇಳತಾನ, ಆದ್ರ ನೀವು ಕೊಟ್ಟ ಮಾತು ಹಿಂದ ತಗೊಂಡ್ರ ಹೇಳಂಗಿಲ್ಲ” ಅಂದಳು.

“ಹೂಂ” ಅಂದ ಉದ್ದಪ್ಪ. “ಮಾತೂ ಬೇಕು, ರೊಕ್ಕಾನೂ ಬೇಕು. ಎರಡರಾಗ ಒಂದು ಆರಿಸಕೋ ಅಂದ್ರ ನಾ ಆರಿಸಂಗಿಲ್ಲ. ಕಂಪನಿಯವರ್ನ ಕರಸ್ರಿ.”

ಕರೆಸುವುದು ಹೇಗೆ? ಇಂಗ್ಲಿಷಿನಲ್ಲಿ ನೀನೇ ಬರೆ. ಹಾರ್ನಿನದೂ ಬರೆ. ಬಿಡಬೇಡ.

ನಿನ್ನ ತಂದೆ,
ಅಪ್ಪಣ್ಣ


ಹುಕ್ಕೇರಿ
ತಾ. 27-3-1958

ಅಪ್ಪಾರಿಗೆ ಶರಣು.

ಬರೆದೆ. ರಾಜಪ್ಪನ ಲೈಸೆನ್ಸಿನ ನಂಬರನ್ನೂ, ಗಾಯಾಳುವನ್ನು ಯಾರೂ ವಿಚಾರಿಸಿಲ್ಲ ಎನ್ನುವುದನ್ನೂ ಬರೆದೆ. ಉತ್ತರ ಇವತ್ತೇ ಬಂತು! ಏಪ್ರಿಲ್ ಎರಡಕ್ಕೆ ಬೆಳಗಾವಿಯಿಂದ ಅಪಘಾತ ವಿಚಾರಿಸುವ ಅವರ ಸರ್ವೇಯರು ಕುಲಗೋಡಕ್ಕೆ ಬರುತ್ತಾರೆ. ಉದ್ದಪ್ಪನ ಹೇಳಿಕೆ ಚಾವಡಿಯಲ್ಲೇ ಎಲ್ಲರ ಮುಂದೆ ಬರೆದುಕೊಳ್ಳುತ್ತಾರಂತೆ.

ನನಗೆ ರಜೆ ಸಿಗಲಿಲ್ಲ. ಪದ್ಮವ್ವ “ಬೆರಳು ಕಡಕೊಂಡು ಏನ್ಮಾಡ್ತೀರಿ, ಬೋರ್ಡಿನ ಮ್ಯಾಲೆ ಬರಿಯೂ ಖಡು ತಿನ್ರಿ” ಅನ್ನುತ್ತಿದ್ದಾರೆ. ಆದದ್ದೆಲ್ಲ ಆ ದಿನವೇ ಬರೆಯಿರಿ.

ಹಾರ್ನಿನದು ಹೇಳಿದ್ದಕ್ಕೆ ಶರಣು, ಅಪ್ಪಾ. ಇದನ್ನು ಎರಡನೇ ಸಲ ಬರೆಯುವುದಿಲ್ಲ.

ನಿಮ್ಮ ಮಗಳು,
ಪಾರವ್ವ


ಕುಲಗೋಡ
ತಾ. 2-4-1958

ಪಾರವ್ವಾ,

ಆಯಿತು! ಕಂಪನಿ ಕೊಡುತ್ತದೆ! ಸಾಹೇಬರ ಬಸ್ಸು ಈಗ ಹೋಯಿತು, ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಸರ್ವೇಯರು ತೆಳ್ಳನೆಯ ಮನುಷ್ಯ, ತಲೆಗೆ ಟೋಪಿ, ಕೈಯಲ್ಲಿ ಅಳೆಯುವ ಪಟ್ಟಿ. ಮೊದಲು ದಾರಿ ಅಳೆದರು, ನಂತರ ಮೋಟಾರಿನ ನೆಗ್ಗಿದ ಮೋರೆ ನೋಡಿದರು. ಚಾವಡಿಗೆ ಬಂದಾಗ ಊರಿಗೆ ಊರೇ ನೆರೆದಿತ್ತು. ಮಾಲಿಂಗಪ್ಪ ತನ್ನ ಕುರ್ಚಿಯಲ್ಲಿ ಕೂತಿದ್ದ. ಚಾವಡಿಗೆ ಇರುವುದು ಅದೊಂದೇ ಕುರ್ಚಿ.

“ಜಖಂ ಆದವರು ಯಾರು?” ಸಾಹೇಬರು ಕೇಳಿದರು. ಉದ್ದಪ್ಪ ಕೋಲು ಊರಿಕೊಂಡು ಕಟ್ಟೆಯ ಕೆಳಗೆ ನಿಂತಿದ್ದ. “ಅಲ್ಲಿ ಯಾಕ ನಿಂತೀರಿ? ಮ್ಯಾಲ ಬರ್ರಿ. ಕಾಲು ಮುರಿದವರಿಗೆ ಒಂದು ಕುರ್ಚಿ ಕೊಡ್ರೋ.”

ಸಾಹೇಬರು ಊರು ಅರಿಯದವರು. ಹೊರಕೇರಿಯವರು ಆ ಕಟ್ಟೆ ಹತ್ತಿದ್ದನ್ನು ಈ ಊರು ಕಂಡಿಲ್ಲ. ಮಾಲಿಂಗಪ್ಪ ನನ್ನ ಕಡೆ ನೋಡಿದ, ಕುಲಕರ್ಣಿಯ ಕಡೆ ನೋಡಿದ, ಕಡೆಗೆ ಎದ್ದ. ಉದ್ದಪ್ಪ ಮೆಟ್ಟಿಲು ಹತ್ತಿ ಬಂದು ಕೂತ.

ಕೇಳಿದ್ದಕ್ಕೆಲ್ಲ ಒಂದೊಂದಾಗಿ ಹೇಳಿದ. ಓಡಿಸಿದವನು ರಾಜಪ್ಪ. ಎರಡೂ ಕೈ ಸ್ಟೇರಿಂಗಿನ ಮೇಲೆ. ಚಕ್ಕಡಿ ದಾರಿಯ ಎಡಬಾಜೂಕೇ ಇತ್ತು. ನಂತರ ಮೂರನೇ ಕೈ ಬಂತು. ಉಂಗುರದ ಕೈ. ಗುಂಡಿ ಒತ್ತಿತು.

ಸಾಹೇಬರು ಕನ್ನಡಕದ ಮೇಲಿಂದ ಸುತ್ತ ನೋಡಿದರು. ನಾನು ಕೈ ಎತ್ತಿದೆ. “ನಂದ್ರಿ.”

ಊರೆಲ್ಲ ಗುಸುಗುಸು ಅಂದಿತು. ಸಾಹೇಬರು ರಾಜಪ್ಪನ ಲೈಸೆನ್ಸ್ ತಿರುವಿ ನೋಡಿ ನಕ್ಕರು. “ಹಾರ್ನ್ ಒತ್ತಾಕ ಲೈಸೆನ್ಸ್ ಬೇಕಂತ ಯಾವ ಕಾಯ್ದೇದಾಗೂ ಬರದಿಲ್ರಿ. ಓಡಿಸಿದಾವ ಲೈಸೆನ್ಸ್ ಇದ್ದಾವ. ಕಂಪನಿ ಕೊಡತೈತಿ. ಆದ್ರ ಅಪ್ಪಣ್ಣನವರ, ನಮ್ಮನ್ನ ಕೇಳದ ತಪ್ಪು ಒಪ್ಪಿಕೊಂಡದ್ದು ಷರತ್ತಿಗೆ ವಿರುದ್ಧ. ಅದಕ್ಕ ನಿಮ್ಮನ್ನ ಬೈಬೇಕಾಗೇತಿ. ಬೈದೇನಿ ಅಂತ ತಿಳಕೋರಿ.”

ನಾನು ತಿಳಿದುಕೊಂಡೆ.

ಹೇಳಿಕೆ ಬರೆದು ಮುಗಿಸಿ ಓದಿ ತೋರಿಸಿದರು. “ಸರಿ ಐತೇನ್ರಿ? ಸಹಿ ಮಾಡ್ರಿ.”

“ಒಂದು ಸಾಲು ಬಿಟ್ಟೀರಿ” ಅಂದ ಉದ್ದಪ್ಪ. “ಅಪ್ಪಣ್ಣ ಸಾವಕಾರ್ರು ಕಟ್ಟಿ ಇಳಿದು ಬಂದು ನನ್ನ ಮುಂದ ತಪ್ಪು ನಂದು ಅಂದ್ರು. ನಾ ಒಪ್ಪಿದೆ. ಅದನ್ನ ಬರೀರಿ.”

“ಅದು ಕಂಪನಿಗೆ ಬೇಕಾಗಿಲ್ಲಪಾ.”

“ಕಂಪನಿಗೆ ಬ್ಯಾಡಾಗಿರಬಹುದು. ನನಗ ಬೇಕು.”

ಸಾಹೇಬರು ನನ್ನ ಕಡೆ ತಿರುಗಿದರು. “ಬರೀಲೇನು? ಇದನ್ನ ಬರದ್ರ ಎತ್ತಿಂದೂ ಒಂದೀಟು ತಪ್ಪೈತಿ ಅಂತ ಕಂಪನಿ ವಾದ ಮಾಡಾಕ ಬರಂಗಿಲ್ಲ. ಪೂರ್ತಿ ನಿಮ್ಮ ಕಡೆ ಕೂಡತೈತಿ. ಸೂಟು ಹ್ಯಾಂಗೂ ಹೋತು, ಮುಂದಿನ ಕಂತೂ ಏರತೈತಿ.”

ಮಾಲಿಂಗಪ್ಪ ಹಿಂದಿನಿಂದ ನನ್ನ ಧೋತರ ಜಗ್ಗುತ್ತಿದ್ದ.

“ಬರೀರಿ” ಅಂದೆ.

ಬರೆದರು. ಉದ್ದಪ್ಪ ತನ್ನದೊಂದು ಪ್ರತಿ ಕೇಳಿದ. ಕಾರ್ಬನ್ ಹಾಳೆ ಇಟ್ಟು ಮತ್ತೆ ಮೊದಲಿನಿಂದ ಬರೆದು, ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟರು. ಅವನಿಗೆ ಓದು ಬರುವುದಿಲ್ಲ. ಕುಲಕರ್ಣಿಯ ಕೈಗೆ ಕೊಟ್ಟು, “ಕಡೀ ಸಾಲು ಓದ್ರಿ” ಅಂದ. ಕುಲಕರ್ಣಿ ಓದಿದ. “ಗಟ್ಟಿಯಾಗಿ ಓದ್ರಿ, ಸತ್ತೆವ್ವ ಹಿಂದ ನಿಂತಾಳ” ಅಂದ. ಕುಲಕರ್ಣಿ ಮತ್ತೆ ಓದಿದ.

ಸಾಹೇಬರು ಪಟ್ಟಿ ಸುತ್ತಿಕೊಂಡು ಬಸ್ಸಿಗೆ ಹೊರಟರು. ಜನ ಒಬ್ಬೊಬ್ಬರಾಗಿ ಇಳಿದರು. ನಾನು ಅಗಸಿಯ ತನಕ ಹೋಗಿ ತಿರುಗಿ ನೋಡಿದೆ. ಉದ್ದಪ್ಪ ಇನ್ನೂ ಕುರ್ಚಿಯಲ್ಲೇ ಇದ್ದ, ಮೂರನೇ ಸಲ ಓದಿಸುತ್ತಿದ್ದ. ಮಾಲಿಂಗಪ್ಪ ಪಕ್ಕದಲ್ಲಿ ನಿಂತೇ ಇದ್ದ.

ನಿನ್ನ ತಂದೆ,
ಅಪ್ಪಣ್ಣ